ಆಟಗಳ ಸಂಸಾರ, ಒಂದೇ ಕಪಾಟು

ವಿಡಿಯೊ ಗೇಮ್‌ಗಳ ಸಂಗ್ರಹ ಹೊರನೋಟಕ್ಕೆ ಸ್ಥಳದ ಸಮಸ್ಯೆಯಾಗಿ ಕಂಡರೂ, ಬೆಳಗಾವಿ ಮತ್ತು ಖಾನಾಪುರದ ಸಣ್ಣ ಮನೆಗಳಲ್ಲಿ ಅದು ಮೊದಲು ತೇವದ ಸಮಸ್ಯೆ, ಆಮೇಲೆ ಹಿರಿಯರ ಅಪ್ಪಣೆಯ ಸಮಸ್ಯೆ. ಸ್ಥಳದ ಮಾತು ಬರುವುದು ಕೊನೆಗೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಅಂಚಿಗಿರುವ ಬೆಳಗಾವಿಯಲ್ಲಿ ಮಳೆಗಾಲದುದ್ದಕ್ಕೂ ಹಳೆಯ ಗೋಡೆಗಳು ಬೆವರುತ್ತವೆ. ಮಲಪ್ರಭೆ ಹುಟ್ಟುವ ಕಣಕುಂಬಿಯನ್ನು ಒಳಗೊಂಡ ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗದಲ್ಲಂತೂ ಮಳೆ ಇನ್ನೂ ಬಲವಾಗಿದ್ದು, ಹಂಚಿನ ಮನೆಗಳಲ್ಲಿ ಒಗೆದ ಬಟ್ಟೆಯೇ ಒಣಗಲೊಲ್ಲದೆ ಒಲೆಯ ಕಾವನ್ನು ಹುಡುಕುತ್ತದೆ.

ಇಂಥ ಮನೆಯ ಸಂಗ್ರಹದಲ್ಲಿ ಸಾಮಾನ್ಯವಾಗಿ ಮೂರು ತಲೆಮಾರುಗಳು ಒಟ್ಟಿಗೆ ಬಾಳುತ್ತವೆ. 1983ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ ಫ್ಯಾಮಿಲಿ ಕಂಪ್ಯೂಟರ್ ಎಂಬ ಯಂತ್ರದ ಅಗ್ಗದ ನಕಲುಗಳು ತೊಂಬತ್ತರ ದಶಕದಲ್ಲಿ ಭಾರತದ ಪೇಟೆಗಳನ್ನು ತುಂಬಿದಾಗ ಬಂದ ಕ್ಯಾಸೆಟ್‌ಗಳು ಮೊದಲನೆಯವು. ಪ್ಲೇಸ್ಟೇಷನ್ ಮತ್ತು 2000ದಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 2ರ ಸಿ.ಡಿ., ಡಿ.ವಿ.ಡಿ.ಗಳು ಎರಡನೆಯವು, ಇಂದಿನ ಬ್ಲೂ-ರೇ ಡಿಸ್ಕ್‌ಗಳು ಮೂರನೆಯವು.

ಇವುಗಳ ಆರೋಗ್ಯ ಒಂದೇ ಬಗೆಯದಲ್ಲ. ಕ್ಯಾಸೆಟ್ಟಿನೊಳಗಿನ ಚಿಪ್ ದೀರ್ಘಾಯುಷಿ. ಕೆಡುವುದು ಯಂತ್ರಕ್ಕೆ ತಾಗುವ ಅದರ ಲೋಹದ ಅಂಚು. ಆಟ ಶುರುವಾಗದಿದ್ದಾಗ ಕ್ಯಾಸೆಟ್ಟಿಗೆ ಬಾಯಿಂದ ಊದುವ ವಿಧಿಯನ್ನು ಒಂದಿಡೀ ತಲೆಮಾರು ಶ್ರದ್ಧೆಯಿಂದ ಪಾಲಿಸಿತಾದರೂ, ಉಸಿರಿನ ತೇವ ಆ ಅಂಚನ್ನು ಕಿಲುಬು ಹಿಡಿಸುವುದಕ್ಕೇ ಹೆಚ್ಚು ನೆರವಾಗುತ್ತದೆ. ಸಿ.ಡಿ.ಯಲ್ಲಿ ಮಾಹಿತಿಯನ್ನು ಹೊತ್ತ ಅಲ್ಯೂಮಿನಿಯಂ ಪದರ ಚಿತ್ರ ಮುದ್ರಿಸಿದ ಮೇಲ್ಮೈಗೇ ಹತ್ತಿರವಿದ್ದು, ಅದನ್ನು ಕಾಯುವುದು ತೆಳುವಾದ ಅರಗಿನಂಥ ಲೇಪ ಮಾತ್ರ. ಆದುದರಿಂದ ಹೊಳೆಯುವ ಬದಿಯನ್ನು ಜೋಪಾನ ಮಾಡಿ ಚಿತ್ರದ ಬದಿಯನ್ನು ಕೆಳಗಿಟ್ಟು ಉಜ್ಜುವವರು ಡಿಸ್ಕಿನ ಮರ್ಮಸ್ಥಾನಕ್ಕೇ ಪೆಟ್ಟು ಕೊಟ್ಟಂತಾಗುತ್ತದೆ.

ಎಲ್ಲಿಡಬೇಕೆಂಬ ಪ್ರಶ್ನೆಗೆ ಮನೆಯವರ ಸಿದ್ಧ ಉತ್ತರ ಅಟ್ಟ. ಆದರೆ ಗಣಪತಿಯ ಮಂಟಪದ ಸಾಮಾನು, ಹಿತ್ತಾಳೆಯ ಹಂಡೆ, ಮದುವೆಯ ಪಾತ್ರೆಗಳು ಅಲ್ಲಿ ಮೊದಲೇ ಹಕ್ಕು ಸ್ಥಾಪಿಸಿರುತ್ತವೆ. ಮೇಲಾಗಿ ಏಪ್ರಿಲ್‌ನಲ್ಲಿ ಕುದಿದು ಜುಲೈನಲ್ಲಿ ನೆನೆಯುವ ಆ ಜಾಗ ಪ್ಲಾಸ್ಟಿಕ್ಕಿಗೆ ಒಗ್ಗುವುದಿಲ್ಲ. ಬೆಳಗಾವಿಯ ವಡಗಾವಿ, ಶಹಾಪುರ ಬಡಾವಣೆಗಳ ನೇಕಾರರ ಮನೆಗಳಲ್ಲಿ ಮಗ್ಗದ ನೂಲಿನ ಧೂಳೂ ಯಂತ್ರಗಳ ಗಾಳಿಕಿಂಡಿಯನ್ನು ಹೊಗುತ್ತದೆ. ಹೊರಗೋಡೆಗೆ ತಾಗದ, ಬಾಗಿಲುಳ್ಳ ಕಪಾಟಿನ ನಡುವಣ ಅರೆಯೇ ಇವಕ್ಕೆ ತಕ್ಕ ಠಾವು. ಡಿ.ವಿ.ಡಿ. ಡಬ್ಬಿಯ ದಪ್ಪ ಸುಮಾರು 14 ಮಿಲಿಮೀಟರ್ ಆದ್ದರಿಂದ, ನೆಟ್ಟಗೆ ನಿಲ್ಲಿಸಿದರೆ ಒಂದು ಮೀಟರ್ ಉದ್ದದ ಅರೆಯಲ್ಲಿ 70 ಆಟಗಳು ಹಿಡಿಯುತ್ತವೆ. ಸೀರೆಗಳ ಎರಡು ಸಾಲು ಬಿಟ್ಟುಕೊಟ್ಟರೆ ಸಾಕೆಂಬ ಈ ಲೆಕ್ಕವನ್ನು ಗೃಹಿಣಿಯ ಮುಂದಿಡುವ ಧೈರ್ಯ ಮಾತ್ರ ಸಂಗ್ರಾಹಕನಿಗೆ ಬೇಕು.

ತೇವವನ್ನು ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಅಲ್ಲಲ್ಲಿ ಇಡುವುದು ಒಳ್ಳೆಯದು. ಸೀರೆಗಳ ನಡುವಿನ ಡಾಂಬರು ಗುಳಿಗೆ ಮಾತ್ರ ಈ ಅರೆಗೆ ಬರಬಾರದು. ಅದರ ಆವಿ ಸಿ.ಡಿ. ಡಬ್ಬಿಗಳನ್ನು ಮಾಡುವ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಕೈಯಲ್ಲಿ ಹಿಡಿದಾಡುವ ಯಂತ್ರಗಳ ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್ ಮಾಡಿ ಎತ್ತಿಡಬೇಕು.

ಎಲ್ಲವೂ ಅಂತರ್ಜಾಲದಲ್ಲಿ ಸಿಗುವಾಗ ಈ ಪಾಡೇಕೆಂದು ಕೇಳುವವರಿಗೆ ಉತ್ತರವಿದೆ. ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳಿಗೆ ಆಟ ಮಾರುತ್ತಿದ್ದ ಅಂತರ್ಜಾಲದ ಅಂಗಡಿಗಳಲ್ಲಿ 2023ರ ಮಾರ್ಚ್‌ನಲ್ಲಿ ವ್ಯಾಪಾರ ನಿಲ್ಲಿಸಿತು. ಅಮೆರಿಕದಲ್ಲಿ 2010ಕ್ಕೆ ಮುನ್ನ ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರಾಟದಲ್ಲಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಅದೇ ವರ್ಷ ವರದಿ ಮಾಡಿತು. ಹಾಗೆಂದು ಸಣ್ಣ ಮನೆ ವಸ್ತುಸಂಗ್ರಹಾಲಯವಾಗಲಾರದು. ಮಳೆ ಹಿಂದೆಗೆಯುವ ಹೊತ್ತಿಗೆ ಬರುವ ಖಂಡೇನವಮಿಯಂದು ಮನೆಯ ಆಯುಧ, ಯಂತ್ರಗಳೆಲ್ಲ ಒರೆಸಿಕೊಂಡು ಪೂಜೆಗೆ ಕೂರುವಾಗ ಈ ಕಪಾಟನ್ನೂ ತೆರೆದು, ಧೂಳು ಕೊಡವಿ, ಒಂದೊಂದನ್ನೂ ಆಡಿ ನೋಡುವುದು ಉಚಿತ. ವರ್ಷಕ್ಕೊಮ್ಮೆಯೂ ಆಡುವ ಮನಸ್ಸಾಗದ ಆಟವನ್ನು ನೆಂಟರ ಮಕ್ಕಳಿಗೆ ಕೊಟ್ಟುಬಿಡುವುದು ಇನ್ನೂ ಉಚಿತ.