ಉಸಿರೇ ಸಾಕ್ಷಿ ನುಡಿದಾಗ

"ಎದೆ ತುಂಬ ಗಾಳಿ ಎಳೆದುಕೋ. ತುಟಿ ಬಿಗಿಯಾಗಿ ಒತ್ತಿಕೋ. ಈಗ ಊದು... ಇನ್ನೂ ಊದು... ನಿಲ್ಲಿಸಬೇಡ!"

ಹತ್ತು ವರ್ಷದ ಹುಡುಗನೊಬ್ಬ ಕೆನ್ನೆ ಕೆಂಪಾಗುವವರೆಗೆ ಕೊಳವೆಯೊಂದರೊಳಗೆ ಊದುತ್ತಾನೆ. ಕೊಳವೆಗೆ ಜೋಡಿಸಿದ ಯಂತ್ರದ ಹೆಸರು ಸ್ಪೈರೋಮೀಟರ್. ಅವನ ಎದೆಯಿಂದ ಒಟ್ಟು ಎಷ್ಟು ಗಾಳಿ ಹೊರಬಂತು, ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದದ್ದೆಷ್ಟು ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಸುಣ್ಣದ ತಿಳಿನೀರಿಗೆ ಊದಿ, ಅದು ಹಾಲಿನಂತಾಗುವುದನ್ನು ಕಂಡು ಬೆರಗಾದ ವಿದ್ಯಾರ್ಥಿಗಳಿಗೆ ಇದೂ ಒಂದು ಆಟದಂತೆಯೇ ಕಾಣಬಹುದು. ಆದರೆ ಕ್ಯಾಲಿಫೋರ್ನಿಯದ ಮಕ್ಕಳು ಹೀಗೆ ಊದಿದ ಉಸಿರು ಮುಂದೆ ದೊಡ್ಡದೊಂದು ವಾದದಲ್ಲಿ ಸಾಕ್ಷಿಯಾಗಿ ನಿಂತಿತು.

ಲಾಸ್ ಏಂಜಲಿಸ್‌ನ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 1993ರಲ್ಲಿ ಈ ಅಧ್ಯಯನ ಆರಂಭಿಸಿದರು. ಗಾಳಿ ಶುದ್ಧವಾಗಿರುವ ಊರು, ಕೆಟ್ಟಿರುವ ಊರು ಎರಡೂ ಸೇರುವಂತೆ ಹನ್ನೆರಡು ಊರುಗಳನ್ನು ಆರಿಸಿಕೊಂಡರು. ಅವುಗಳಲ್ಲಿ ಮೀರಾ ಲೋಮಾ ಒಂದು. ಲಾಸ್ ಏಂಜಲಿಸ್ ಮತ್ತು ಲಾಂಗ್ ಬೀಚ್ ಬಂದರುಗಳಿಂದ ಒಳನಾಡಿನತ್ತ ಎಂಬತ್ತು ತೊಂಬತ್ತು ಕಿಲೋಮೀಟರ್ ಸಾಗಿದರೆ ರಿವರ್‌ಸೈಡ್ ಕೌಂಟಿಯಲ್ಲಿ ಈ ಊರು ಸಿಗುತ್ತದೆ. ಒಂದು ಕಾಲಕ್ಕೆ ಅಲ್ಲಿ ಎತ್ತ ನೋಡಿದರೂ ದ್ರಾಕ್ಷಿ ತೋಟಗಳು. ಊರಿನ ಹಳೆಯ ಹೆಸರೇ ವೈನ್‌ವಿಲ್. ಮುಂದೆ ಹತ್ತಿರದಲ್ಲೇ ದೊಡ್ಡ ದೊಡ್ಡ ಹೈನುಗಾರಿಕೆಯ ಕೊಟ್ಟಿಗೆಗಳೂ ಬಂದವು. ಸಗಣಿ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಾಗುತ್ತಿತ್ತೇ ಹೊರತು ಅದೊಂದು ನೆಮ್ಮದಿಯ ಬಯಲು.

ಆ ಬಯಲಿಗೆ ಗೋದಾಮುಗಳು ಬಂದದ್ದೇಕೆ? ಉತ್ತರ ಒಂದು ಪೆಟ್ಟಿಗೆಯಲ್ಲಿದೆ. 1956ರಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕ 58 ಲೋಹದ ಪೆಟ್ಟಿಗೆಗಳನ್ನು ಹಡಗೊಂದರ ಮೇಲೆ ಹೇರಿ ನ್ಯೂಯಾರ್ಕ್ ಸಮೀಪದ ನೆವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಕಳಿಸಿದ. ಸರಕನ್ನು ಮೂಟೆ ಮೂಟೆಯಾಗಿ ಇಳಿಸುವ ಬದಲು ಪೆಟ್ಟಿಗೆಯನ್ನೇ ಎತ್ತಿ ಲಾರಿಯ ಮೇಲಿಟ್ಟರೆ ಕೆಲಸ ಮುಗಿಯಿತು. ಇದೇ ಕಂಟೇನರ್. ಸಾಗಣೆಯ ಖರ್ಚು ಇಳಿಯಿತು, ಏಷ್ಯಾದ ಕಾರ್ಖಾನೆಗಳ ಸರಕು ಅಮೆರಿಕದ ಪಶ್ಚಿಮ ಕರಾವಳಿಗೆ ಹೊಳೆಯಂತೆ ಹರಿಯತೊಡಗಿತು. ಪೆಟ್ಟಿಗೆಗಳನ್ನು ಬಿಚ್ಚಿ, ವಿಂಗಡಿಸಿ, ದೇಶದ ಮೂಲೆ ಮೂಲೆಗೆ ಕಳಿಸಲು ವಿಶಾಲವಾದ ಜಾಗ ಬೇಕಾಯಿತು. ಬಂದರಿನ ಬಳಿ ಜಾಗ ದುಬಾರಿ. ಒಳನಾಡಿನಲ್ಲಿ ಸಮತಟ್ಟಾದ ಅಗ್ಗದ ನೆಲ, ಹೆದ್ದಾರಿ, ರೈಲು ಎಲ್ಲವೂ ಇದ್ದವು. ಜೊತೆಗೆ ಆ ಸೀಮೆಗೆ ಉದ್ಯೋಗವೂ ಬೇಕಾಗಿತ್ತು. ಫಾಂಟಾನದ ಕೈಸರ್ ಉಕ್ಕಿನ ಕಾರ್ಖಾನೆ 1983ರಲ್ಲಿ ಬಾಗಿಲು ಹಾಕಿತ್ತು. ನಾರ್ಟನ್ ವಾಯುನೆಲೆ 1994ರಲ್ಲಿ ಮುಚ್ಚಿತು. ಗೋದಾಮು ಎಂದರೆ ಕೆಲಸ ಎಂದು ಆಡಳಿತಗಾರರು ಹೇಳಿದಾಗ ಆ ಮಾತು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಆದರೆ ಗೋದಾಮು ಒಂಟಿಯಾಗಿ ಬರುವುದಿಲ್ಲ. ಲಾರಿಗಳ ಸಾಲನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಮೀರಾ ಲೋಮಾ ವಿಲೇಜ್ ಎಂಬುದು ನೂರರಷ್ಟು ಮನೆಗಳ ಪುಟ್ಟ ಬಡಾವಣೆ. ಹೆಚ್ಚಿನವು ಸ್ಪ್ಯಾನಿಷ್ ಮಾತನಾಡುವ ದುಡಿಮೆಗಾರರ ಮನೆಗಳು. ಪಕ್ಕದಲ್ಲೇ ಎಟಿವಾಂಡಾ ರಸ್ತೆ, ಸಮೀಪದಲ್ಲೇ 60ನೇ ಸಂಖ್ಯೆಯ ಹೆದ್ದಾರಿ. ಸುತ್ತಲಿನ ಹೊಲಗಳಲ್ಲಿ ಒಂದೊಂದಾಗಿ ಕಿಟಕಿಯಿಲ್ಲದ ಬಿಳಿಯ ಗೋಡೆಗಳು ಎದ್ದವು. ಹಗಲೂ ಇರುಳೂ ಡೀಸೆಲ್ ಲಾರಿಗಳ ಓಡಾಟ. ಹಿತ್ತಿಲಲ್ಲಿ ಒಣಗಹಾಕಿದ ಬಟ್ಟೆಯ ಮೇಲೂ ಕಿಟಕಿಯ ಅಂಚಿನ ಮೇಲೂ ಕಪ್ಪು ಧೂಳು.

"ಬೇಡ" ಎಂದರು ಜನ. ಆದರೆ ಮನೆ ಹತ್ತಿರ ಏನೇ ಬಂದರೂ ಜನ ಬೇಡ ಎನ್ನುತ್ತಾರೆ, ಅವರಿಗೆ ಪ್ರಗತಿ ಬೇಕಿಲ್ಲ ಎಂಬುದು ಎಲ್ಲ ದೇಶಗಳ ಸರ್ಕಾರಿ ಕಚೇರಿಗಳಲ್ಲೂ ಸಿಗುವ ಸಿದ್ಧ ಉತ್ತರ. ಈ ಉತ್ತರಕ್ಕೆ ಹೆದರದ ಹೆಂಗಸೊಬ್ಬರು ಅಲ್ಲಿದ್ದರು: ಪೆನ್ನಿ ನ್ಯೂಮನ್. ಮೀರಾ ಲೋಮಾದ ನೆರೆಯೂರಾದ ಗ್ಲೆನ್ ಏವನ್‌ನಲ್ಲಿ ಅವರ ಮನೆ. ಆ ಊರಿನ ಮೇಲ್ಭಾಗದಲ್ಲಿ 1956ರಿಂದ 1972ರವರೆಗೆ ಕಾರ್ಖಾನೆಗಳ ಆಮ್ಲ ಮತ್ತು ವಿಷದ್ರವವನ್ನು ಸುರಿದ ಹಳ್ಳಗಳಿದ್ದವು. 1978ರ ಭಾರಿ ಮಳೆಗೆ ಅವು ಕಟ್ಟೆಯೊಡೆಯುವಂತಾದಾಗ ಅಧಿಕಾರಿಗಳು ಆ ನೀರನ್ನು ಕೆಳಗೆ ಬಿಟ್ಟರು. ಬೀದಿಯಲ್ಲಿ ನೊರೆ ಉಕ್ಕಿತು. ಏನೂ ಅರಿಯದ ಮಕ್ಕಳು ಆ ನೊರೆಯನ್ನು ಗಡ್ಡದಂತೆ ಮೆತ್ತಿಕೊಂಡು ಆಡಿದರು! ಆ ಘಟನೆಯ ನಂತರ ತಾಯಂದಿರು ಒಟ್ಟುಗೂಡಿದರು. ಅಂದು ಹುಟ್ಟಿದ ಹೋರಾಟ ಮುಂದೆ ಲಾರಿಗಳ ಹೊಗೆಯ ಕಡೆಗೂ ತಿರುಗಿತು. ರಸ್ತೆಯ ಮೂಲೆಯಲ್ಲಿ ನಿಂತು ಎಷ್ಟು ಲಾರಿ ಹೋದವು ಎಂದು ಗೀಟು ಹಾಕಿ ಎಣಿಸುವುದನ್ನು ನಿವಾಸಿಗಳು ಕಲಿತರು. ಸಿಟ್ಟಿನ ಜೊತೆಗೆ ಲೆಕ್ಕವೂ ಬೇಕೆಂಬುದು ಅವರಿಗೆ ಮನವರಿಕೆಯಾಗಿತ್ತು.

ಅಷ್ಟರಲ್ಲಿ ಸ್ಪೈರೋಮೀಟರ್‌ನ ಲೆಕ್ಕವೂ ಹೊರಬಂತು. ವಿಜ್ಞಾನಿಗಳು 1,759 ಮಕ್ಕಳನ್ನು ಹತ್ತನೆಯ ವಯಸ್ಸಿನಿಂದ ಹದಿನೆಂಟರವರೆಗೆ ಎಂಟು ವರ್ಷ ಹಿಂಬಾಲಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ವಯಸ್ಸಿಗೆ ಇರಬೇಕಾದ ಊದುವ ಶಕ್ತಿಯ ಶೇಕಡ 80ನ್ನೂ ಮುಟ್ಟದ ಮಕ್ಕಳು, ಸೂಕ್ಷ್ಮಕಣಗಳು ಅತಿ ಕಡಿಮೆ ಇದ್ದ ಊರಿನಲ್ಲಿ ನೂರಕ್ಕೆ 1.6ರಷ್ಟಿದ್ದರೆ, ಅತಿ ಹೆಚ್ಚು ಇದ್ದ ಊರಿನಲ್ಲಿ 7.9ರಷ್ಟಿದ್ದರು. ಅಂದರೆ ಸುಮಾರು ಐದು ಪಟ್ಟು! ಮೀರಾ ಲೋಮಾ ಈ ಎರಡನೆಯ ಗುಂಪಿನ ಊರು. 2007ರಲ್ಲಿ ಇದೇ ತಂಡ ಇನ್ನೊಂದು ವಿಷಯ ಹೇಳಿತು. ಹೆದ್ದಾರಿಯಿಂದ 500 ಮೀಟರ್ ಒಳಗೆ ವಾಸಿಸುವ ಮಕ್ಕಳ ಶ್ವಾಸಕೋಶ, 1,500 ಮೀಟರಿಗಿಂತ ದೂರದಲ್ಲಿರುವ ಮಕ್ಕಳಷ್ಟು ಚೆನ್ನಾಗಿ ಬೆಳೆಯುವುದಿಲ್ಲ.

ಇದು ಹೇಗಾಗುತ್ತದೆ? ತಲೆಗೂದಲಿನ ದಪ್ಪ 50ರಿಂದ 70 ಮೈಕ್ರೊಮೀಟರ್. ಇಲ್ಲಿ ಹೇಳುತ್ತಿರುವ ಕಣಗಳು 2.5 ಮೈಕ್ರೊಮೀಟರಿಗಿಂತಲೂ ಸಣ್ಣವು. ಮೂಗಿನ ಕೂದಲು, ಗಂಟಲಿನ ಲೋಳೆ ಇವಾವುವೂ ಅವನ್ನು ಪೂರ್ತಿ ತಡೆಯಲಾರವು. ಅವು ನೇರವಾಗಿ ಶ್ವಾಸಕೋಶದ ತುದಿಯ ಗಾಳಿಗೂಡುಗಳಿಗೆ ಇಳಿಯುತ್ತವೆ. ಡೀಸೆಲ್ ಮಸಿ ಇವುಗಳಲ್ಲಿ ಒಂದು ಬಗೆ. ಮೀರಾ ಲೋಮಾದಲ್ಲಿ ಇನ್ನೊಂದು ಬಗೆಯೂ ಇತ್ತು. ಲಾರಿ, ಕಾರುಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳು ಗಾಳಿಯಲ್ಲಿ ನೈಟ್ರಿಕ್ ಆಮ್ಲವಾಗುತ್ತವೆ. ಕೊಟ್ಟಿಗೆಗಳ ಸಗಣಿ ಗಂಜಲದಿಂದ ಅಮೋನಿಯ ಏಳುತ್ತದೆ. ಆಮ್ಲವೂ ಪ್ರತ್ಯಾಮ್ಲವೂ ಸೇರಿದರೆ ಲವಣ ಎಂಬುದು ಹೈಸ್ಕೂಲಿನ ಪಾಠ. ಆ ಪಾಠ ಅಲ್ಲಿ ಆಕಾಶದಲ್ಲೇ ನಡೆಯಿತು! ಅಮೋನಿಯಂ ನೈಟ್ರೇಟಿನ ಸೂಕ್ಷ್ಮಕಣಗಳು ಊರಿನ ಮೇಲೆ ಮಂಜಿನಂತೆ ಕವಿದವು. ಆದ್ದರಿಂದ ದೋಷವೆಲ್ಲ ಲಾರಿಗಳದ್ದೇ ಎನ್ನುವುದು ಸರಿಯಲ್ಲ. ಅಧ್ಯಯನವೂ ಹಾಗೆ ಹೇಳಲಿಲ್ಲ. ಅದು ಹೇಳಿದ್ದು, ಇಂಥ ಗಾಳಿಯಲ್ಲಿ ಮಕ್ಕಳ ಶ್ವಾಸಕೋಶ ಕುಗ್ಗಿ ಬೆಳೆಯುತ್ತದೆ ಎಂದಷ್ಟೆ. ಈಗಾಗಲೇ ತುಂಬಿದ ಕೊಡಕ್ಕೆ ಇನ್ನೊಂದು ಚೆಂಬು ಸುರಿಯಬೇಕೇ ಎಂದು ಕೇಳಲು ನಿವಾಸಿಗಳಿಗೆ ಅಷ್ಟೇ ಸಾಕಾಗಿತ್ತು.

ಹೆತ್ತವರು ಗಮನಿಸಬೇಕಾದ ಮಾತೊಂದಿದೆ. ಹುಡುಗಿಯರ ಶ್ವಾಸಕೋಶ ಹದಿನೆಂಟರ ಹೊತ್ತಿಗೆ, ಹುಡುಗರದು ಇಪ್ಪತ್ತು ದಾಟಿದ ಮೇಲೆ ಬೆಳವಣಿಗೆ ನಿಲ್ಲಿಸುತ್ತದೆ. ಆಮೇಲೆ ವಯಸ್ಸಾದಂತೆ ಅದರ ಶಕ್ತಿ ಇಳಿಯುವುದೇ ಸಹಜ. ಬೆಳೆಯುವ ಕಾಲದಲ್ಲಿ ಕೂಡಿಡದ ಹಣ ಮುಪ್ಪಿನಲ್ಲಿ ಎಲ್ಲಿಂದ ಬಂದೀತು?

2011ರಲ್ಲಿ ಮೀರಾ ಲೋಮಾ ವಿಲೇಜಿನ ಬಳಿ ಮತ್ತಷ್ಟು ಗೋದಾಮುಗಳಿಗೆ ಕೌಂಟಿ ಒಪ್ಪಿಗೆ ಕೊಟ್ಟಿತು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆಂದು ಮೊದಲೇ ವಿವರಿಸಬೇಕು, ಹಾನಿಯನ್ನು ಸಾಧ್ಯವಾದಷ್ಟು ತಗ್ಗಿಸಬೇಕು ಎಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ 1970ರಿಂದಲೇ ಇದೆ. ಅದರ ಅಡಿಯಲ್ಲಿ ನಿವಾಸಿಗಳ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. ಅಂದಿನ ರಾಜ್ಯ ಅಟಾರ್ನಿ ಜನರಲ್, ಮುಂದೆ ಅಮೆರಿಕದ ಉಪಾಧ್ಯಕ್ಷರಾದ ಕಮಲಾ ಹ್ಯಾರಿಸ್ ನಿವಾಸಿಗಳ ಪರವಾಗಿ ಆ ಮೊಕದ್ದಮೆಯಲ್ಲಿ ಸೇರಿಕೊಂಡರು. 2013ರಲ್ಲಿ ರಾಜಿಯಾಯಿತು. ಗೋದಾಮುಗಳು ನಿಲ್ಲಲಿಲ್ಲ. ಬದಲಾಗಿ ಮನೆಗಳಿಗೆ ಗಾಳಿ ಸೋಸುವ ಯಂತ್ರ ಹಾಕಿಸಿಕೊಡುವುದು, ಬಡಾವಣೆಯ ಪಕ್ಕದ ರಸ್ತೆಯಲ್ಲಿ ಲಾರಿಗಳ ಓಡಾಟಕ್ಕೆ ಮಿತಿ ತರಲು ಕ್ರಮ ಕೈಗೊಳ್ಳುವುದು ಇತ್ಯಾದಿ ಷರತ್ತುಗಳು ಬಂದವು.

ಇದು ಗೆಲುವೋ ಸೋಲೋ? ಸೋಸಿದ ಗಾಳಿ ಬೇಕಾದರೆ ಕಿಟಕಿ ಮುಚ್ಚಿ ಒಳಗೆ ಕೂರಬೇಕು. ಚೆಂಡಾಟ ಆಡುವ ಮಗುವಿಗೆ ಅಂಗಳ ಬೇಕು. ಅಂಗಳಕ್ಕೆ ಯಾವ ಯಂತ್ರವೂ ಇಲ್ಲ. ಹೀಗಿದ್ದರೂ ಆ ರಾಜಿಯಿಂದ ಹೊಸ ದಾರಿಯೊಂದು ತೆರೆಯಿತು. ಮೀರಾ ಲೋಮಾ, ಗ್ಲೆನ್ ಏವನ್ ಮೊದಲಾದ ಊರುಗಳು ಸೇರಿ 2011ರಲ್ಲಿ ಹುಟ್ಟಿದ್ದ ಹುರೂಪಾ ವ್ಯಾಲಿ ನಗರ, 2014ರಲ್ಲಿ ತನ್ನ ನಗರ ಯೋಜನೆಯೊಳಗೇ ಪರಿಸರ ನ್ಯಾಯದ ಅಧ್ಯಾಯವೊಂದನ್ನು ಸೇರಿಸಿತು. 2016ರಲ್ಲಿ ಇಂಥದ್ದನ್ನು ರಾಜ್ಯದ ಕಾನೂನೇ ಕೇಳಿತು. 2021ರ ಮೇ ತಿಂಗಳಲ್ಲಿ ಅಲ್ಲಿನ ವಾಯುಮಾಲಿನ್ಯ ನಿಯಂತ್ರಣ ಜಿಲ್ಲೆ, ಒಂದು ಲಕ್ಷ ಚದರಡಿ ಮತ್ತು ಅದಕ್ಕಿಂತ ದೊಡ್ಡ ಗೋದಾಮುಗಳು ತಮ್ಮಲ್ಲಿಗೆ ಬರುವ ಲಾರಿಗಳ ಹೊಗೆಗೂ ಹೊಣೆಯೆಂದು ನಿಯಮ ಮಾಡಿತು. 2024ರಲ್ಲಿ ಹೊಸ ಗೋದಾಮು ಮತ್ತು ಮನೆಗಳ ನಡುವೆ ಅಂತರ ವಿಧಿಸುವ ಕಾನೂನೂ ಬಂತು. ಭಾರಿ ಗೋದಾಮುಗಳಿಂದ ಮನೆಗಳು ಸಾವಿರ ಅಡಿ ದೂರವಿರಲಿ ಎಂದು ರಾಜ್ಯದ ವಾಯು ಮಂಡಳಿ 2005ರಲ್ಲೇ ಸಲಹೆ ಮಾಡಿತ್ತು. ಹೊಸ ಕಾನೂನಿನ ಅಂತರ ಅದಕ್ಕಿಂತ ಕಡಿಮೆ ಎಂದು ಹೋರಾಟಗಾರರಲ್ಲಿ ಹಲವರು ಅಸಮಾಧಾನಗೊಂಡರು. ಅವರ ಕೆಲಸ ಮುಗಿದಿಲ್ಲ.

ಈ ಕಥೆಯಲ್ಲಿ ರಾಕ್ಷಸರನ್ನು ಹುಡುಕಿದರೆ ಸಿಗುವುದು ಕಷ್ಟ. ಅದೇ ಸೀಮೆಯ ಎಷ್ಟೋ ಅಪ್ಪಂದಿರು ಲಾರಿ ಓಡಿಸುತ್ತಾರೆ, ಅಮ್ಮಂದಿರು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಾರೆ. ಮನೆಯ ಅಕ್ಕಿ ಬೇಳೆ ಬರುವುದೂ ಆ ಸಂಬಳದಿಂದಲೇ. ಅಂಗಡಿಯಿಂದ ಆಟಿಕೆ ತಂದ, ಮನೆ ಬಾಗಿಲಿಗೇ ಪೊಟ್ಟಣ ತರಿಸಿಕೊಂಡ ಪ್ರತಿಯೊಬ್ಬನಿಗೂ ಆ ಲಾರಿಗಳಲ್ಲಿ ಒಂದಿಷ್ಟು ಪಾಲಿದೆ. ಸರಕಿನ ಚೀಟಿಯ ಮೇಲೆ ಬೆಲೆ ಬರೆದಿರುತ್ತದೆ. ಅದನ್ನು ಸಾಗಿಸಿದ ದಾರಿಯಲ್ಲಿ ಯಾರ ಉಸಿರು ಎಷ್ಟು ಕುಗ್ಗಿತು ಎಂಬುದನ್ನು ಬರೆದಿರುವುದಿಲ್ಲ. ಆ ಬಾಕಿ ಲೆಕ್ಕವನ್ನು ಬರೆದು ತೋರಿಸಿದ್ದೇ ಮೀರಾ ಲೋಮಾದ ಜನರ ಸಾಧನೆ.

ಕೊನೆಗೊಂದು ಸಂತೋಷದ ಸಂಗತಿ. ಅದೇ ವಿಜ್ಞಾನಿಗಳು ಮೀರಾ ಲೋಮಾ ಸೇರಿದಂತೆ ಐದು ಊರುಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಬೆಳೆದ ಮೂರು ತಂಡಗಳ ಮಕ್ಕಳನ್ನು ಹೋಲಿಸಿ 2015ರಲ್ಲಿ ವರದಿ ಮಾಡಿದರು. ಈ ನಡುವೆ ಡೀಸೆಲ್ ಶುದ್ಧವಾಗಿತ್ತು, ಎಂಜಿನ್‌ಗಳು ಸುಧಾರಿಸಿದ್ದವು, ನಿಂತ ಲಾರಿಯ ಎಂಜಿನ್ ಐದು ನಿಮಿಷಕ್ಕಿಂತ ಹೆಚ್ಚು ಓಡಬಾರದೆಂಬ ನಿಯಮ ಬಂದಿತ್ತು. ಹದಿನೈದರ ವಯಸ್ಸಿಗೆ ಊದುವ ಶಕ್ತಿ ತೀರ ಕಡಿಮೆಯಿದ್ದ ಮಕ್ಕಳು 1990ರ ದಶಕದ ತಂಡದಲ್ಲಿ ನೂರಕ್ಕೆ 7.9ರಷ್ಟಿದ್ದರೆ, 2007ರಿಂದ 2011ರ ತಂಡದಲ್ಲಿ 3.6ಕ್ಕೆ ಇಳಿದಿದ್ದರು. ಗಾಳಿ ತಿಳಿಯಾದರೆ ಅದರಲ್ಲಿ ಬೆಳೆಯುವ ಮಕ್ಕಳ ಶ್ವಾಸಕೋಶ ಹೆಚ್ಚು ಚೆನ್ನಾಗಿ ಬೆಳೆಯುತ್ತದೆ.

ಬೇಡ ಎನ್ನುವುದು ಸುಲಭ. ಏಕೆ ಬೇಡ ಎಂದು ಅಳೆದು ತೋರಿಸುವುದು ಕಷ್ಟ. ಎಣಿಕೆ, ಅಳತೆ, ತಾಳ್ಮೆ ಇವು ಪ್ರಯೋಗಾಲಯದ ನಾಲ್ಕು ಗೋಡೆಗಳಿಗೆ ಮೀಸಲಾದ ಗುಣಗಳಲ್ಲ ಎಂದು ವಿದ್ಯಾರ್ಥಿಗಳು ಮೀರಾ ಲೋಮಾದಿಂದ ಕಲಿಯಬಹುದು. ಅಲ್ಲಿ ಕೊಳವೆಗೆ ಊದಿದ ಮಕ್ಕಳಲ್ಲಿ ಯಾರೂ ಭಾಷಣ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ಹೇಳಿದಂತೆ ಎದೆ ತುಂಬ ಗಾಳಿ ಎಳೆದುಕೊಂಡು, ಊದಿದರು ಅಷ್ಟೆ.