ಆರು ನಿಮಿಷದಲ್ಲಿ ನಾಲ್ಕು ಪ್ಲೇಟು

1995ರ ಮೇ ತಿಂಗಳು. ಜರ್ಮನಿಯ ಡುಸೆಲ್ಡಾರ್ಫ್ ನಗರದಲ್ಲಿ ಡ್ರೂಪಾ ನಡೆಯುತ್ತಿದೆ. ಜಗತ್ತಿನ ಮುದ್ರಣ ಯಂತ್ರಗಳೆಲ್ಲ ಒಂದೇ ಕಡೆ ಸೇರುವ ಮೇಳ ಇದು. ಹೈಡಲ್‌ಬರ್ಗ್ ಕಂಪನಿಯ ಮಳಿಗೆಯಲ್ಲಿ ಮುಂದೆ ನಿಂತವರ ಭುಜಗಳ ಸಂದಿಯಿಂದ ನೀವು ಇಣುಕುತ್ತಿದ್ದೀರಿ. ಎದುರಿಗಿರುವುದು ಹೊಸ ಯಂತ್ರ, ಕ್ವಿಕ್‌ಮಾಸ್ಟರ್ ಡಿಐ. ಮೆಶಿನ್‌ಮನ್ ಕಂಪ್ಯೂಟರಿನಿಂದ ಒಂದು ಪುಟವನ್ನು ಕಳಿಸುತ್ತಾನೆ, ಗುಂಡಿ ಒತ್ತುತ್ತಾನೆ, ಕೈಕಟ್ಟಿ ನಿಲ್ಲುತ್ತಾನೆ.

ಏನೂ ಆಗುತ್ತಿಲ್ಲ ಅನಿಸುತ್ತದೆ. ಒಳಗೆ ಸಿಲಿಂಡರುಗಳು ತಿರುಗುವ ಸದ್ದು ಮಾತ್ರ. ಗಡಿಯಾರ ನೋಡಿಕೊಳ್ಳುತ್ತೀರಿ. ಸುಮಾರು ಆರು ನಿಮಿಷ ಕಳೆಯುವಷ್ಟರಲ್ಲಿ ಕಾಗದ ಓಡಲು ತೊಡಗುತ್ತದೆ. ಹತ್ತಾರು ಹಾಳೆ ಹೋಗುವುದರೊಳಗೆ ನಾಲ್ಕೂ ಬಣ್ಣ ಒಂದರ ಮೇಲೊಂದು ಕೂತು, ಪೂರ್ತಿ ಚಿತ್ರ ಕೈಗೆ ಬರುತ್ತದೆ. ಫಿಲಂ ಇಲ್ಲ. ಡಾರ್ಕ್‌ರೂಮ್ ಇಲ್ಲ. ಪ್ಲೇಟನ್ನು ತೊಳೆಯುವ ರಾಸಾಯನಿಕದ ತೊಟ್ಟಿ ಇಲ್ಲ. ಬೆಂಗಳೂರಿನ ಯಾವುದೇ ಆಫ್‌ಸೆಟ್ ಪ್ರೆಸ್ಸಿನಲ್ಲಿ ಆ ಕಾಲದಲ್ಲಿ ನಿಂತು ಕೆಲಸ ನೋಡಿದವರಿಗೆ ಇದು ಎಷ್ಟು ದೊಡ್ಡ ಮಾತೆಂದು ಬಿಡಿಸಿ ಹೇಳಬೇಕಿಲ್ಲ. ಫಿಲಂ ತೆಗೆದು, ಅಂಟಿಸಿ, ಪ್ಲೇಟಿಗೆ ಎಕ್ಸ್‌ಪೋಸ್ ಮಾಡಿ, ಡೆವಲಪ್ ಮಾಡಿ, ಯಂತ್ರಕ್ಕೆ ಕಟ್ಟಿ, ಬಣ್ಣ ಕೂಡಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು.

ಈ ಪ್ಲೇಟಿನ ತಂತ್ರ ಹೈಡಲ್‌ಬರ್ಗ್‌ನದಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಹಡ್ಸನ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಪ್ರೆಸ್‌ಟೆಕ್ ಎಂಬ ಕಂಪನಿಯದು. 1987ರಲ್ಲಿ ಶುರುವಾದದ್ದು, ಈಗ ನಾಸ್ಡಾಕ್‌ನಲ್ಲಿ ಅದರ ಷೇರು ಸಿಗುತ್ತದೆ. ಅದರ ಮುಂದಾಳು ರಾಬರ್ಟ್ ಹೋವರ್ಡ್ ಹೊಸಬರೇನಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಕಚೇರಿ ಕಚೇರಿಗೆ ಮುಟ್ಟಿಸಿದ ಸೆಂಟ್ರಾನಿಕ್ಸ್ ಕಂಪನಿಯನ್ನು ಅದೇ ಊರಿನಲ್ಲಿ ಕಟ್ಟಿದವರು. ನಿಮ್ಮ ಹತ್ತಿರ ಹೂಡಲು ಹಣವಿದೆ. ಕೊಳ್ಳಬೇಕೆ?

ಹತ್ತಿರ ಹೋಗಿ ಪ್ಲೇಟನ್ನೇ ಮುಟ್ಟಿ ನೋಡಿ. ಬೆರಳಿಗೆ ನುಣುಪಾಗಿ ಸಿಗುವುದು ಸಿಲಿಕೋನ್ ಪದರ. ಮಸಿ ಅದಕ್ಕೆ ಅಂಟುವುದಿಲ್ಲ. ಅದರ ಕೆಳಗೆ ಕಣ್ಣಿಗೆ ಬೇರೆಯಾಗಿ ಕಾಣದಷ್ಟು ತೆಳುವಾದ ಟೈಟಾನಿಯಂ, ಅದರ ಕೆಳಗೆ ಪಾಲಿಯೆಸ್ಟರ್ ಹಾಳೆ. ಒಂದೊಂದು ಬಣ್ಣಕ್ಕೂ 16 ಲೇಸರ್ ಡಯೋಡುಗಳು ಸಾಲಾಗಿ ಕೂತಿವೆ. ಅವುಗಳ ಕಿರಣ ಬಿದ್ದ ಚುಕ್ಕೆಯಲ್ಲಿ ಟೈಟಾನಿಯಂ ಸುಟ್ಟು ಹಾರಿಹೋಗುತ್ತದೆ, ಮೇಲಿನ ಸಿಲಿಕೋನಿಗೆ ಹಿಡಿತ ತಪ್ಪುತ್ತದೆ. ಅದನ್ನು ಒರೆಸಿ ತೆಗೆದರೆ ಪಾಲಿಯೆಸ್ಟರ್ ಬಯಲಾಗುತ್ತದೆ. ಮಸಿ ಕೂರುವುದು ಅಲ್ಲಿ. ಎರಡು ಶತಮಾನದಿಂದ ಲಿಥೋ ಮುದ್ರಣವೆಂದರೆ ನೀರು ಮತ್ತು ಎಣ್ಣೆಯ ಜಗಳ. ಇಲ್ಲಿ ನೀರೇ ಬೇಡ. ಅಚ್ಚಾಗುವಾಗ ನೀರು ಮಸಿಗಳ ಪ್ರಮಾಣ ಸರಿಹೊಂದಿಸುವುದರಲ್ಲೇ ಪಳಗಿದ ಕೈಗಳ ಆಯುಷ್ಯ ಸವೆಯುತ್ತಿತ್ತು. ಆ ಕೆಲಸವೇ ಇಲ್ಲಿಲ್ಲ. ಬದಲಿಗೆ ರೋಲರುಗಳ ಬಿಸಿ ಏರದಂತೆ ಕಾಯಬೇಕು, ಏಕೆಂದರೆ ತಂಪು ಮಾಡುವ ನೀರು ಹೋಯಿತು. ಸಿಲಿಕೋನ್ ಮೇಲೆ ಗೀರು ಬಿದ್ದರೆ ಆ ಗೀರೂ ಅಚ್ಚಾಗುತ್ತದೆ.

ನನ್ನ ಮಟ್ಟಿಗೆ ಇದು ಇಪ್ಪತ್ತನೇ ಶತಮಾನದ ಕೊನೆಯ ಅತ್ಯಂತ ಸೊಗಸಾದ ಮುದ್ರಣ ಸಂಶೋಧನೆಗಳಲ್ಲೊಂದು. 1991ರಲ್ಲಿ ಷಿಕಾಗೋದ ಮೇಳದಲ್ಲಿ ಇದೇ ಕಂಪನಿ ಲೇಸರಿನ ಬದಲು ವಿದ್ಯುತ್ ಕಿಡಿಯಿಂದ ಪ್ಲೇಟು ಸುಡುವ ಯಂತ್ರವನ್ನು ತೋರಿಸಿತ್ತು. ಕಿಡಿಯನ್ನು ಕೈಬಿಟ್ಟು ಲೇಸರಿಗೆ ಬಂದದ್ದೇ ಅವರ ನಿಜವಾದ ಜಿಗಿತ.

ಈಗ ಹಣದ ಮಾತಿಗೆ ಬನ್ನಿ. ಮೆಶಿನ್‌ಮನ್ ಯಂತ್ರದ ಪಕ್ಕದ ಬಾಗಿಲು ತೆರೆಯುತ್ತಾನೆ. ಪ್ಲೇಟು ಬಿಡಿ ಹಾಳೆಯಾಗಿ ಬರುವುದಿಲ್ಲ. ಸಿಲಿಂಡರಿನ ಹೊಟ್ಟೆಯಲ್ಲೇ ಸುರುಳಿ ಸುತ್ತಿಕೊಂಡು ಕೂತಿದೆ. ಒಂದು ಕೆಲಸ ಮುಗಿದರೆ ಸುರುಳಿ ಒಂದು ಪ್ಲೇಟಿನಷ್ಟು ಮುಂದೆ ಸರಿಯುತ್ತದೆ. 35 ಕೆಲಸಕ್ಕೆ ಒಂದು ಸುರುಳಿ. ಅಡುಗೆಮನೆಗೆ ಒಲೆ ಬರುವುದು ಒಂದು ಸಲ, ಗ್ಯಾಸ್ ಸಿಲಿಂಡರ್ ಬರುವುದು ತಿಂಗಳು ತಿಂಗಳು. ಪ್ರೆಸ್‌ಟೆಕ್‌ನ ಹಣೆಬರಹವೆಲ್ಲ ಈ ಸುರುಳಿಯಲ್ಲಿದೆ.

ಚೀಟಿಯ ಹಿಂದೆ ಲೆಕ್ಕ ಹಾಕಿ. ಒಂದು ಯಂತ್ರ ದಿನಕ್ಕೆ ಆರು ಕೆಲಸ ಮಾಡುತ್ತದೆಂದು ಇಟ್ಟುಕೊಳ್ಳಿ. ಕೆಲಸಕ್ಕೆ ನಾಲ್ಕು ಪ್ಲೇಟಿನಂತೆ 24. ಅಂಥ ಸಾವಿರ ಯಂತ್ರಗಳಿದ್ದರೆ ದಿನಕ್ಕೆ 24,000 ಪ್ಲೇಟು. ಬಾಯಲ್ಲಿ ನೀರೂರುವ ವ್ಯಾಪಾರ. ಆದರೆ ಅದೇ ಯಂತ್ರಗಳಿಗೆ ದಿನಕ್ಕೆ ಎರಡೇ ಕೆಲಸ ಸಿಕ್ಕರೆ 8,000. ಮಾರಾಟವಾದ ಯಂತ್ರ ಅಷ್ಟೇ, ಆದಾಯ ಮೂರರಲ್ಲೊಂದು ಪಾಲು. ಆದ್ದರಿಂದ ಹೂಡಿಕೆದಾರ ಕೇಳಬೇಕಾದ ಪ್ರಶ್ನೆ ಎಷ್ಟು ಯಂತ್ರ ಮಾರಿದಿರಿ ಎಂಬುದಲ್ಲ. ಯಂತ್ರ ಕೊಂಡ ಪ್ರೆಸ್ಸಿನವನ ಮೇಜಿನ ಮೇಲೆ ಇವತ್ತು ಎಷ್ಟು ಜಾಬ್ ಕಾರ್ಡ್ ಇವೆ ಎಂಬುದು. ಈ ಅಂಕಿ ಕಂಪನಿಯ ಕೈಯಲ್ಲಿಲ್ಲ. ಯಂತ್ರ ಮಾರುವವರು ಹೈಡಲ್‌ಬರ್ಗ್, ಓಡಿಸುವವನು ಪ್ರೆಸ್ಸಿನವನು. ಪ್ಲೇಟು ಮಾಡುವವರು ಇಬ್ಬರನ್ನೂ ನೆಚ್ಚಿ ಕೂತಿದ್ದಾರೆ.

ಮಳಿಗೆ ಬಿಟ್ಟು ಸ್ವಲ್ಪ ದೂರ ನಡೆಯಿರಿ. ಇದೇ ಮೇಳದಲ್ಲಿ ಸಿಟಿಪಿ ಯಂತ್ರಗಳೂ ಇವೆ. ಪ್ರೆಸ್ಸಿನ ಹೊರಗೆ, ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನಿಂದ ನೇರ ಪ್ಲೇಟು ಮಾಡುವ ಯಂತ್ರಗಳು. ನೀವು ಈಗಷ್ಟೇ ಕಾದು ನಿಂತ ಆರು ನಿಮಿಷ ನೆನಪಿದೆಯೇ? ಅಷ್ಟು ಹೊತ್ತು ಹೈಡಲ್‌ಬರ್ಗ್‌ನ ಆ ದುಬಾರಿ ಯಂತ್ರ ಒಂದು ಹಾಳೆಯನ್ನೂ ಅಚ್ಚು ಮಾಡಲಿಲ್ಲ. ಇನ್ನೂ ನಯವಾದ ಗುಣಮಟ್ಟ ಬೇಕೆಂದರೆ ಕಾಯುವ ಹೊತ್ತು ಇಮ್ಮಡಿ. ಸಿಟಿಪಿಯಲ್ಲಾದರೆ ಮುಂದಿನ ಕೆಲಸದ ಪ್ಲೇಟು ತಯಾರಾಗುತ್ತಿರುವಾಗ ಪ್ರೆಸ್ಸು ಹಿಂದಿನ ಕೆಲಸವನ್ನು ಓಡಿಸುತ್ತಲೇ ಇರುತ್ತದೆ. ದೊಡ್ಡ ಪ್ರೆಸ್ಸಿನ ಮಾಲೀಕ ಯಾವುದನ್ನು ಆರಿಸುತ್ತಾನೆಂದು ಊಹಿಸಲು ಕಷ್ಟವಿಲ್ಲ.

ಇನ್ನೊಂದು ಕಡೆ ಇಂಡಿಗೋ, ಝೈಕಾನ್. 1993ರಿಂದ ಬಂದ ಇವು ಪ್ಲೇಟೇ ಇಲ್ಲದೆ ಬಣ್ಣದಲ್ಲಿ ಅಚ್ಚು ಹಾಕುತ್ತವೆ. ಐವತ್ತು ಪ್ರತಿ ಬೇಕಾದವನು, ಪ್ರತಿ ಹಾಳೆಯ ಮೇಲೂ ಬೇರೆ ಬೇರೆ ಹೆಸರು ಬೇಕಾದವನು ಅಲ್ಲಿಗೇ ಹೋಗುತ್ತಾನೆ. ಇವತ್ತು ಅವುಗಳ ಪ್ರತಿ ಹಾಳೆಯ ಖರ್ಚು ಹೆಚ್ಚು. ನಾಳೆ ಇಳಿದರೆ? ಡಿಐ ಯಂತ್ರಕ್ಕೆ ಗಿಟ್ಟುವುದು ಐನೂರರಿಂದ ಕೆಲವು ಸಾವಿರ ಪ್ರತಿಗಳ ನಡುವಿನ ಕೆಲಸ. ಮೇಲಿನಿಂದ ಸಿಟಿಪಿ, ಕೆಳಗಿನಿಂದ ಈ ಪ್ಲೇಟಿಲ್ಲದ ಟೋನರ್ ಯಂತ್ರಗಳು, ಎರಡೂ ಒತ್ತಿದರೆ ಆ ನಡುವಿನ ಜಾಗ ಎಷ್ಟು ವರ್ಷ ಉಳಿದೀತು? ಆ ಸಂಜೆ ಹೋಟೆಲಿಗೆ ಹೋಗುವ ಟ್ರ್ಯಾಮಿನಲ್ಲಿ ನೀವು ಯೋಚಿಸಬೇಕಾದದ್ದು ಇದನ್ನು.

ಮುಂದಿನ ವರ್ಷ, 1996. ಈಗ ನೀವು ಅಮೆರಿಕದಲ್ಲಿದ್ದೀರಿ. ಪರದೆಯ ಮೇಲೆ ಪಿಆರ್‌ಎಸ್‌ಟಿ ಎಂಬ ನಾಲ್ಕು ಅಕ್ಷರದ ಪಕ್ಕದ ಅಂಕಿ ತಿಂಗಳೊಪ್ಪತ್ತಿನಲ್ಲಿ ಗುರುತು ಸಿಗದಷ್ಟು ಬೆಳೆದಿದೆ. ಬೆಲೆ ಬೀಳುತ್ತದೆಂದು ಪಂತ ಕಟ್ಟಿದವರೊಂದು ಬಣ, ಏರುತ್ತಲೇ ಇರುತ್ತದೆಂದು ನಂಬಿದವರೊಂದು ಬಣ. ದಿನವೂ ಕಾದಾಟ. ಇಬ್ಬರಲ್ಲಿ ಎಷ್ಟು ಜನ ಆ ಸುರುಳಿಯನ್ನು ಕಣ್ಣಾರೆ ಕಂಡವರು? ಕಂಪನಿಯವರು ಕೈಕಟ್ಟಿ ಕೂತಿಲ್ಲ ಎಂಬುದೂ ನಿಜ. ಅದೇ ವರ್ಷ ಅರಿಜೋನಾದ ಟೂಸಾನ್‌ನಲ್ಲಿ, ನಿರ್ವಾತದಲ್ಲಿ ತೆಳು ಲೋಹದ ಲೇಪ ಹಚ್ಚುವ ಯಂತ್ರ ಮಾಡುವ ಕಂಪನಿಯೊಂದನ್ನು ಕೊಂಡಿದ್ದಾರೆ. ಪ್ಲೇಟಿನ ಟೈಟಾನಿಯಂ ಪದರವನ್ನು ತಮ್ಮ ಕೈಯಳತೆಗೆ ತಂದುಕೊಳ್ಳುವ ಹೆಜ್ಜೆ. ಸರಿಯಾದ ಹೆಜ್ಜೆಯೇ. ಆದರೆ ಷೇರಿನ ಬೆಲೆ ಆ ಹೊತ್ತಿಗೆ ಎಲ್ಲ ಪ್ರೆಸ್ಸುಗಳೂ ನಾಳೆಯೇ ಡಿಐ ಆಗುತ್ತವೆಂಬ ಕನಸಿನ ಮೇಲೆ ನಿಂತಿತ್ತು.

1997ರ ಡಿಸೆಂಬರಿನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ ತನ್ನ ತನಿಖೆಯ ಫಲವನ್ನು ಹೊರಗಿಟ್ಟಿತು. ವಿಶ್ಲೇಷಕರ ವರದಿಯ ಕರಡನ್ನು ಕಂಪನಿ ತಾನೇ ತಿದ್ದಿಕೊಟ್ಟು, ವಾಸ್ತವಕ್ಕೆ ಹೊಂದದ ಗಳಿಕೆಯ ಅಂದಾಜುಗಳು ಹೂಡಿಕೆದಾರರ ಕೈಸೇರಲು ಬಿಟ್ಟಿತು ಎಂಬುದು ಆರೋಪ. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ರಾಜಿಯಾಯಿತು. ಹೋವರ್ಡ್ 27 ಲಕ್ಷ ಡಾಲರ್ ದಂಡ ಕಟ್ಟಿದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಂತ್ರ ಸುಳ್ಳಾಗಿರಲಿಲ್ಲ, ಪ್ಲೇಟು ಸುಳ್ಳಾಗಿರಲಿಲ್ಲ. ತನ್ನಷ್ಟಕ್ಕೆ ಬೆಳೆಯಬಹುದಾಗಿದ್ದ ವ್ಯಾಪಾರಕ್ಕೆ ಯಾರೂ ಎತ್ತಲಾಗದ ಅಂಕಿಗಳನ್ನು ಹೊರಿಸಿದರು.

ಆಮೇಲಿನ ವರ್ಷಗಳನ್ನು ಬೇಗ ದಾಟಿಬಿಡೋಣ. ಕೆನಡಾದ ಕ್ರಿಯೋ ಕಂಪನಿಯೊಂದಿಗಿನ ಪೇಟೆಂಟ್ ಮೊಕದ್ದಮೆಯಲ್ಲಿ, ಪ್ರೆಸ್‌ಟೆಕ್‌ನ ಪೇಟೆಂಟನ್ನು ಕ್ರಿಯೋ ಉಲ್ಲಂಘಿಸಿಲ್ಲವೆಂದೇ ತೀರ್ಪಾಯಿತು. ಲೇಸರ್ ಡಯೋಡ್ ಮಾಡಲು ಲೇಸರ್‌ಟೆಲ್ ಎಂಬ ಸ್ವಂತ ಘಟಕ ಕಟ್ಟಿದರು, 2010ರಲ್ಲಿ ಅದನ್ನು ಮಾರಿದರು. 2004ರಲ್ಲಿ ಎ.ಬಿ. ಡಿಕ್ ಎಂಬ ಹಳೆಯ, ದಿವಾಳಿಯೆದ್ದ ಕಂಪನಿಯನ್ನು ಕೊಂಡರು. ಸಣ್ಣ ಪ್ರೆಸ್ಸುಗಳವರೆಗೆ ಹಬ್ಬಿದ್ದ ಅದರ ಮಾರಾಟದ ಜಾಲ ಇವರಿಗೆ ಬೇಕಿತ್ತು. ಅಂದರೆ ಡುಸೆಲ್ಡಾರ್ಫ್‌ನಲ್ಲಿ ನಿಮಗೆ ಕಂಡ ಆ ದೌರ್ಬಲ್ಯ, ಗಿರಾಕಿ ಇನ್ನೊಬ್ಬರ ಕೈಯಲ್ಲಿರುವುದು, ಒಂಬತ್ತು ವರ್ಷದ ಮೇಲೆ ಅವರಿಗೂ ಕಂಡಿತ್ತು. ಹೈಡಲ್‌ಬರ್ಗ್ ಕಾಲಕ್ರಮದಲ್ಲಿ ಆ ಯಂತ್ರದ ತಯಾರಿಕೆಯನ್ನೇ ಕೈಬಿಟ್ಟಿತು.

2012. ನಿಮ್ಮ ಕೈಯಲ್ಲಿ ಒಂದು ಪ್ರಕಟಣೆ ಇದೆ. ಅಮೆರಿಕನ್ ಇಂಡಸ್ಟ್ರಿಯಲ್ ಪಾರ್ಟ್‌ನರ್ಸ್ ಎಂಬ ಖಾಸಗಿ ಹೂಡಿಕೆ ಸಂಸ್ಥೆಗೆ ಸೇರಿದ ಕಂಪನಿ ಪ್ರೆಸ್‌ಟೆಕ್ ಅನ್ನು ಪೂರ್ತಿ ಕೊಳ್ಳುತ್ತಿದೆ. ಷೇರಿಗೆ 50 ಸೆಂಟ್. ಅದೇ ವರ್ಷದ ಜನವರಿಯಲ್ಲಿ ಪ್ಲೇಟು ಲೋಕದ ದೈತ್ಯ ಕೊಡಾಕ್ ಕೂಡ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಗಿತ್ತು. 2013ರ ಸೆಪ್ಟೆಂಬರಿನಲ್ಲಿ ಅದು ಹೊರಬಂದಾಗ ಹಳೆಯ ಷೇರುಗಳು ರದ್ದಾಗಿದ್ದವು, ಆದರೆ ಪ್ಲೇಟಿನ ವ್ಯಾಪಾರ ಉಳಿದಿತ್ತು. ಪ್ರೆಸ್‌ಟೆಕ್ ಅನ್ನು ಕೊಂಡವರ ಲೆಕ್ಕವೂ ಅದೇ ಇದ್ದೀತೆಂದು ನನಗನಿಸುತ್ತದೆ. ಸಾವಿರಾರು ಸಣ್ಣ ಪ್ರೆಸ್ಸುಗಳಲ್ಲಿ ಆ ಯಂತ್ರಗಳು ಇನ್ನೂ ಓಡುತ್ತಿದ್ದವು, ಅವುಗಳಿಗೆ ಪ್ಲೇಟು ಬೇಕೇ ಬೇಕಿತ್ತು. ದಿನಕ್ಕೆ ಎಷ್ಟು ಬೇಕೆಂದು ಎಣಿಸಿ ನೋಡಿದರೆ, 50 ಸೆಂಟ್ ಕೊಡಬಹುದಾದ ಬೆಲೆಯೇ.