ಹಣೆಬರಹವಲ್ಲದ ಅಕ್ಷರಗಳು

ಸಂಬಂಧ ಕೂಡಿಸುವ ಮುನ್ನ ಮನೆತನದ ಕಾಯಿಲೆಗಳನ್ನು ವಿಚಾರಿಸುವುದು ನಮ್ಮಲ್ಲಿ ಹಳೆಯ ರೂಢಿ. ನನ್ನ ಶಿಷ್ಯೆಯೊಬ್ಬಳ ತಂದೆ ಗ್ಲಿಯೋಮಾ ಎಂಬ ಮೆದುಳಿನ ಗೆಡ್ಡೆಯಿಂದ ತೀರಿಕೊಂಡಿದ್ದರು. ಅದೊಂದೇ ಕಾರಣಕ್ಕೆ ಈಚೆಗೆ ಆಕೆಯ ಮಗಳಿಗೆ ಬಂದಿದ್ದ ಸಂಬಂಧ ಮುರಿಯಿತು. “ಮೇಷ್ಟ್ರೇ, ಇದು ರಕ್ತದಲ್ಲೇ ಹರಿಯುವುದೇ?” ಎಂದು ಕೇಳಿದಳು.

ಹರಿಯುವುದುಂಟು, ಆದರೆ ವಿರಳ. ಎಳೆಯ ವಯಸ್ಸಿನಲ್ಲೇ ಹಲವು ಬಗೆಯ ಕ್ಯಾನ್ಸರ್‌ಗಳಿಗೆ ತುತ್ತಾಗುವ ಮನೆತನಗಳನ್ನು 1969ರಲ್ಲಿ ಲೀ ಮತ್ತು ಫ್ರೌಮೆನಿ ಎಂಬ ಅಮೆರಿಕದ ವೈದ್ಯರು ಗುರುತಿಸಿದರು. ಟಿಪಿ53 ಜೀನಿನ ದೋಷವೇ ಕಾರಣವೆಂದು 1990ರಲ್ಲಿ ತಿಳಿಯಿತು. ಅಲ್ಲಿ ಮೆಂಡಲನ ಬಟಾಣಿಯ ಲೆಕ್ಕವೇ ನಡೆಯುತ್ತದೆ: ದೋಷವು ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು.

ಬಹುಪಾಲು ಗ್ಲಿಯೋಮಾಗಳ ಕಥೆ ಬೇರೆ. 2017ರ ಅಧ್ಯಯನವೊಂದು 12,000ಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ಪರಿಶೀಲಿಸಿ, ಅಪಾಯಕ್ಕೆ ಸಂಬಂಧಿಸಿದ 13 ಹೊಸ ತಾಣಗಳನ್ನು ಗುರುತಿಸಿತು. ಇಂಥ ಒಂದಕ್ಷರದ ವ್ಯತ್ಯಾಸಗಳು ಅನೇಕರಲ್ಲಿವೆ. ಹೆಚ್ಚಿನವು ಅಪಾಯವನ್ನು ತುಸುವೇ ಹೆಚ್ಚಿಸುತ್ತವೆ. 8ನೆಯ ವರ್ಣತಂತುವಿನ ಒಂದು ವ್ಯತ್ಯಾಸ ಮಾತ್ರ ಕೆಲವು ಬಗೆಯ ಗ್ಲಿಯೋಮಾಗಳ ಅಪಾಯವನ್ನು ಸುಮಾರು 6 ಪಟ್ಟು ಏರಿಸುತ್ತದೆ. ಆದರೂ ಕಾಯಿಲೆಯೇ ಅಪರೂಪವಾದ್ದರಿಂದ, ಅದನ್ನು ಹೊತ್ತವರಲ್ಲಿಯೂ ಬಹುತೇಕರಿಗೆ ಗೆಡ್ಡೆ ಬರುವುದಿಲ್ಲ.

ಮನೆಯಲ್ಲಿ ಹಲವರಿಗೆ ಎಳವೆಯಲ್ಲೇ ಕ್ಯಾನ್ಸರ್ ಬಂದಿದ್ದರೆ ತಳಿವಿಜ್ಞಾನದ ತಜ್ಞರನ್ನು ಕಾಣುವುದು ವಿವೇಕ. ಅಜ್ಜನ ಸಾವಿನಲ್ಲಿ ಮೊಮ್ಮಗಳ ಹಣೆಬರಹವನ್ನು ಓದುವುದು ವಿವೇಕವಲ್ಲ. ಹೆಣ್ಣು ನೋಡಲು ಹೊರಡುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ.